ಚಿತ್ತ ಹಚ್ಚಿ ತರುತ್ತಿದ್ದ ಬೀಡಿ

ಹೋದ ತಿಂಗಳು ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಹೊಸದುರ್ಗದ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದ ಗೋಡೆಯ ಮರೆಯಲ್ಲಿ ಒಬ್ಬ ಮುದುಕ ಬೀಡಿ ಹಚ್ಚಲು ಒದ್ದಾಡುತ್ತಿದ್ದ. ಆಷಾಢದ ಗಾಳಿ, ಕಡ್ಡಿ ಗೀರಿದ ಕೂಡಲೇ ಆರುತ್ತಿತ್ತು. ಐದಾರು ಕಡ್ಡಿ ಹಾಳು ಮಾಡಿ, ಗಾಳಿಯ ಅಪ್ಪ ಅಮ್ಮನನ್ನೆಲ್ಲ ಬೈದು, ಕೊನೆಗೆ ಹೇಗೋ ಹಚ್ಚಿದ. ಆ ಹೊಗೆ ನೇರವಾಗಿ ನನ್ನ ಮೂಗಿಗೆ ಬಂತು. ನಾನು ಎದ್ದು ದೂರ ಹೋಗಿ ನಿಂತೆ. ಜೊತೆಗಿದ್ದ ಮೊಮ್ಮಗಳು, "ಯಾಕಜ್ಜ, ವಾಸನೆ ಆಗಲ್ವಾ?" ಎಂದು ಕೇಳಿದಳು. "ಆಗಲ್ಲ ಕಣಮ್ಮ" ಎಂದೆ. ಅದು ಅರ್ಧ ಸುಳ್ಳು. ವಾಸನೆ ಈಗಲೂ ಹಿತವಾಗಿಯೇ ಇದೆ, ಅದರ ಹಿಂದೆ ಬರುವ ನೆನಪು ಆಗುವುದಿಲ್ಲ.

ನಾನು ಡ್ರಿಲ್ ಮೇಷ್ಟ್ರಾಗಿದ್ದವನು. ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ. ಮೊದಲ ಕೆಲಸ ಸಿಕ್ಕಿದ್ದು ಮಾತ್ರ ಹಿರಿಯೂರು ತಾಲ್ಲೂಕಿನ ಆ ಮೂಲೆಯಲ್ಲಿ, ಧರ್ಮಪುರ ದಾಟಿ ಆಂಧ್ರದ ಗಡಿಯತ್ತ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ನನ್ನನ್ನು ಬಲ್ಲವರು ಅಲ್ಲಿ ಇನ್ನೂ ಇದ್ದಾರೆ. ನಾನು ಮಾಡಿದ ತಪ್ಪಿಗೆ ಅವರ ಊರೇಕೆ ಹೆಸರು ಕೆಡಿಸಿಕೊಳ್ಳಬೇಕು? ಅದು ಎಪ್ಪತ್ತಮೂರನೇ ಇಸವಿ. ಜೂನ್‌ನಲ್ಲಿ ಕೆಲಸಕ್ಕೆ ಸೇರಿದಾಗ ನಾವು ಮೈಸೂರು ರಾಜ್ಯದವರು, ನವೆಂಬರ್ ಹೊತ್ತಿಗೆ ಕರ್ನಾಟಕದವರಾಗಿದ್ದೆವು. ನನಗೆ ಇಪ್ಪತ್ತಮೂರು ವರ್ಷ. ಕೊರಳಲ್ಲಿ ಸೀಟಿ, ಕೈಯಲ್ಲಿ ಹುಡುಗರಿಗೆ ಬಾರಿಸುವ ಹುಣಸೆ ಬರಲು, ಮೂಗಿನ ತುದಿಯಲ್ಲಿ ಕೋಪ. ಪ್ರೊಬೇಷನ್ ಮುಗಿಯಲು ಇನ್ನೂ ಬೇಕಾದಷ್ಟು ದಿನವಿತ್ತು.

ಆ ಸೀಮೆಯ ಗಾಳಿಯ ವಿಷಯ ಹೇಳದೆ ಮುಂದೆ ಹೋದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ. ಜೂನ್ ಕೊನೆಗೆ ಶುರುವಾದರೆ ಆಗಸ್ಟ್‌ವರೆಗೂ ಒಂದೇ ಸಮ ಬೀಸುವುದು. ಮಳೆ ತರುವುದಿಲ್ಲ, ಮೋಡವನ್ನೂ ನಿಲ್ಲಗೊಡುವುದಿಲ್ಲ, ಬರೀ ಕೆಂಪು ಧೂಳು. ಬೋರ್ಡಿನ ಮೇಲೆ ಬರೆದ ಸೀಮೆಸುಣ್ಣದ ಅಕ್ಷರದ ಮೇಲೂ ಕೆಂಪು ಕೂರುತ್ತಿತ್ತು. ಫೀಲ್ಡಿನಲ್ಲಿ ನಿಂತು ಸೀಟಿ ಊದಿದರೆ ಆ ತುದಿಯ ಹುಡುಗರಿಗೆ ಕೇಳಿಸುತ್ತಿರಲಿಲ್ಲ. ಅಂಥ ಗಾಳಿಯಲ್ಲಿ ಬೆಂಕಿಕಡ್ಡಿ ಗೀರಿ ಬೀಡಿ ಹಚ್ಚುವುದು ಆಗದ ಮಾತು.

ಬೀಡಿ ಸೇದುವ ಚಟ ನನಗೆ ಟ್ರೈನಿಂಗಿನ ಕಾಲದಿಂದಲೂ ಅಂಟಿತ್ತು. ಊಟದ ಬೆಲ್ಲಿಗೆ ಮೊದಲಿನ ಆಟದ ಪೀರಿಯಡ್ಡಿನಲ್ಲಿ ಒಂದು, ಸಂಜೆ ಹುಡುಗರು ಕಬಡ್ಡಿ ಆಡುವಾಗ ಒಂದು ಬೇಕೇ ಬೇಕು. ನಮ್ಮ ಹೈಸ್ಕೂಲಿಗೂ ಪ್ರೈಮರಿ ಶಾಲೆಗೂ ಒಂದೇ ಕಾಂಪೌಂಡು. ಫೀಲ್ಡಿನ ಆಚೆ ತುದಿಯಲ್ಲಿ, ಪ್ರೈಮರಿ ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವ ತಗಡಿನ ಕೋಣೆ. ಅಲ್ಲಿ ಗಂಗಮ್ಮ ಅನ್ನುವ ಹೆಂಗಸಿನ ಒಲೆಯಲ್ಲಿ ಬೆಳಗಿನಿಂದ ಸಂಜೆವರೆಗೂ ಕೆಂಡ ಇರುತ್ತಿತ್ತು. ನಾನು ಒಬ್ಬ ಹುಡುಗನನ್ನು ಕರೆದು ಬೀಡಿ ಕೊಟ್ಟು, "ಓಡು, ಗಂಗಮ್ಮನ ಒಲೆಯಾಗೆ ಹಚ್ಕಂಡ್ ಬಾ" ಎನ್ನುತ್ತಿದ್ದೆ. ಇದರಲ್ಲಿ ತಪ್ಪೇನಾದರೂ ಇದೆಯೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನಮ್ಮ ಕಡೆ ಯಾವ ಮನೆಯಲ್ಲಿ ಮಕ್ಕಳು ಹಿರಿಯರಿಗೆ ಬೀಡಿ ಹಚ್ಚಿ ಕೊಡುತ್ತಿರಲಿಲ್ಲ ಹೇಳಿ. ಬಾಗೂರಿನಲ್ಲಿ ನಮ್ಮಜ್ಜನಿಗೆ ನಾನೂ ಹಚ್ಚಿ ಕೊಟ್ಟವನೇ. ನೀರು ತಂದುಕೊಡು, ಚಪ್ಪಲಿ ತಂದುಕೊಡು ಅಂದ ಹಾಗೆ ಅದೂ ಒಂದು ಕೆಲಸ.

ಮೊದಲ ಸಲ ಹೋದ ಹುಡುಗ ಚಿತ್ತಯ್ಯ. ಎಲ್ಲರಿಗೂ ಚಿತ್ತ. ಹತ್ತನೇ ಕ್ಲಾಸು, ವಯಸ್ಸು ಹದಿನಾರೋ ಹದಿನೇಳೋ, ಅವನಿಗೇ ಸರಿಯಾಗಿ ಗೊತ್ತಿಲ್ಲ. ಮೂರು ಮೈಲಿ ದೂರದ ಕುರಿಯವರ ಹಟ್ಟಿಯಿಂದ ನಡೆದು ಬರುತ್ತಿದ್ದ. ಆ ಹಟ್ಟಿಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿನವನು. ಗಣಿತ ಅಂದರೆ ಎದೆ ಝಲ್ಲೆನ್ನುತ್ತಿತ್ತು, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕಿಟಕಿ ನೋಡುತ್ತಿದ್ದ. ಆದರೆ ಕಬಡ್ಡಿ ಅಂಕಣಕ್ಕೆ ಇಳಿದನೋ, ಅಬ್ಬಬ್ಬ! ಉಸಿರು ಹಿಡಿದು ಒಳಗೆ ನುಗ್ಗಿದರೆ ಮೂವರನ್ನು ಮುಟ್ಟಿ, ನಾಲ್ಕನೆಯವನ ಕೈಯಿಂದ ಜಾರಿ, ಗೆರೆ ದಾಟಿ ಬಂದು ನಿಂತ ಮೇಲೂ ಅವನ "ಕಬಡ್ಡಿ ಕಬಡ್ಡಿ" ನಿಲ್ಲುತ್ತಿರಲಿಲ್ಲ. ಆಟಕ್ಕಾಗಿಯೇ ಅವನು ಶಾಲೆಗೆ ಬರುತ್ತಾನೆಂದು ಎಲ್ಲ ಮೇಷ್ಟ್ರುಗಳೂ ಆಡಿಕೊಳ್ಳುತ್ತಿದ್ದರು. ನನಗೆ ಅದು ಹೆಮ್ಮೆಯ ಮಾತಾಗಿತ್ತು.

ಚಿತ್ತ ಮೊದಲ ದಿನ ಬೀಡಿ ಹಚ್ಚಿ ತಂದಾಗ ಅರ್ಧ ದಾರಿಯಲ್ಲೇ ಆರಿಹೋಗಿತ್ತು. ಬೀಡಿಯ ಸ್ವಭಾವ ನಿಮಗೆ ಗೊತ್ತಲ್ಲ, ಎಳೆಯದಿದ್ದರೆ ಆರುತ್ತದೆ. ನನಗೆ ರೇಗಿತು.

"ಏನೋ ಇದು, ಬೂದಿ ತಂದಿದೀಯಾ?"

"ಗಾಳಿ ಸಾರ್."

"ಗಾಳಿ ಇದ್ರೆ ಏನ್ಲೇ? ಬರ್ತಾ ಬರ್ತಾ ಎರಡು ದಮ್ಮು ಎಳ್ಕಂಡ್ ಬಾ. ಆರಲ್ಲ."

ಹುಡುಗ ನನ್ನ ಮುಖ ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೋ, ನಿಜ ಹೇಳುತ್ತಿದ್ದೇನೋ ಅವನಿಗೆ ತಿಳಿಯಲಿಲ್ಲ. "ನೋಡ್ತೀಯೇನು? ಓಡು" ಎಂದು ಸೀಟಿ ಊದಿದೆ. ಎರಡನೇ ಸಲ ಬೀಡಿ ಚೆನ್ನಾಗಿ ಹೊತ್ತಿಕೊಂಡೇ ಬಂತು. ಹುಡುಗನ ಕಣ್ಣಲ್ಲಿ ನೀರು ಬಂದಿತ್ತು, ಕೆಮ್ಮುತ್ತಿದ್ದ. ಉಳಿದ ಹುಡುಗರು ನಕ್ಕರು. ನಾನೂ ನಕ್ಕೆ.

ಅವತ್ತಿನಿಂದ ಅದು ಅವನ ಕೆಲಸವೇ ಆಯಿತು. ಬೇರೆಯವನನ್ನು ಕರೆದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದ. ಮೇಷ್ಟ್ರ ಬೀಡಿ ಹಚ್ಚಿ ತರುವುದು ಆ ಹುಡುಗರ ಲೆಕ್ಕದಲ್ಲಿ ಒಂದು ಮರ್ಯಾದೆ. ಆಗಸ್ಟ್ ಹೊತ್ತಿಗೆ ಅವನು ಕೆಮ್ಮುವುದು ನಿಂತಿತ್ತು. ನಾನು ಕೊಟ್ಟ ಬೀಡಿ ಕೈಗೆ ಬರುವಷ್ಟರಲ್ಲಿ ಕಾಲುಭಾಗ ಉರಿದಿರುತ್ತಿತ್ತು. ಒಂದು ದಿನ ಗಂಗಮ್ಮ ಸೌಟು ಹಿಡಿದುಕೊಂಡೇ ಫೀಲ್ಡಿಗೆ ಬಂದಳು.

"ಮೇಷ್ಟ್ರೆ, ಆ ಹುಡುಗ ನಿಮ್ಮದು ಒಂದು ಹಚ್ತಾನೆ, ಜೇಬಿನಾಗಿಂದ ತಂದು ಇನ್ನೊಂದು ಹಚ್ತಾನೆ. ನಿಮಗೆ ಗೊತ್ತೈತಾ?"

"ಕುರಿ ಕಾಯೋರ ಹುಡುಗ ಕಣಮ್ಮ. ಹಟ್ಟಿಯಾಗೆ ಕಲ್ತಿರ್ತಾನೆ ಬಿಡು."

"ಹಟ್ಟಿಯಾಗೋ, ಇಲ್ಲೋ" ಎಂದಳು. ಒಲೆಯ ಕಡೆ ತಿರುಗಿ ಹೋದಳು. ನನಗೆ ಆ ಮಾತು ಚುಚ್ಚಿತು. ಚುಚ್ಚಿದ್ದಕ್ಕೆ ಅವಳ ಮೇಲೇ ಸಿಟ್ಟು ಬಂತು.

ಸೆಪ್ಟೆಂಬರ್ ಕೊನೆಗೆ ಹಿರಿಯೂರಿನಲ್ಲಿ ತಾಲ್ಲೂಕು ಮಟ್ಟದ ಆಟಗಳು. ನಮ್ಮ ಹಳ್ಳಿ ಶಾಲೆಯ ಹುಡುಗರು ಬರಿಗಾಲಲ್ಲಿ ಹೋಗಿ ಪೇಟೆಯ ಹುಡುಗರನ್ನು ಸೋಲಿಸಿ ಫೈನಲ್ಲಿಗೆ ಬಂದರು. ಸುತ್ತ ಜನ ಜಾತ್ರೆ. ನಾನಂತೂ ಕಪ್ಪು ಬಂದೇ ಬಂತು ಎಂದುಕೊಂಡು ಹೆಡ್‌ಮಾಸ್ಟರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಕೊನೆಯ ರೈಡು. ಎರಡು ಪಾಯಿಂಟು ಬೇಕು. ಚಿತ್ತ ನುಗ್ಗಿದ, ಒಬ್ಬನನ್ನು ಮುಟ್ಟಿದ, ಇನ್ನೊಬ್ಬನನ್ನೂ ಮುಟ್ಟಿದ, ತಿರುಗಿದ. ಗೆರೆಗೆ ಎರಡೇ ಎರಡು ಮಾರು. ಅಲ್ಲಿ ಅವನ ಉಸಿರು ಕಡಿಯಿತು. ಯಾರೂ ಹಿಡಿದಿರಲಿಲ್ಲ. ಸುಮ್ಮನೆ ಬಾಯಿ ನಿಂತಿತು, ಒಂದು ಕೆಮ್ಮು ಬಂತು. ರೆಫ್ರಿ ಸೀಟಿ ಊದಿದ.

ನಾನು ಅಂಕಣದೊಳಗೆ ಹೋದೆ. ಇನ್ನೂರು ಜನರ ಎದುರಿಗೆ ಅವನ ಕಪಾಳಕ್ಕೆ ಹೊಡೆದೆ.

"ಬೀಡಿ ಸೇದಿ ಸೇದಿ ಎದೆ ಸುಟ್ಕಂಡಿದೀಯ, ಅಯೋಗ್ಯ! ನಾಳೆಯಿಂದ ನನ್ನ ಫೀಲ್ಡಿಗೆ ಕಾಲಿಟ್ರೆ ಕಾಲು ಮುರೀತೀನಿ."

ಹೌದು, ನಾನೇ ಹೇಳಿದೆ ಆ ಮಾತು. ನಾಚಿಕೆಗೆಟ್ಟವನು.  ಹುಡುಗ ವಾಪಸು ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತಿದ್ದ. ಧರ್ಮಪುರದಲ್ಲಿ ಇಳಿದಾಗ ನನ್ನ ಟ್ರಂಕು ಎತ್ತಿಕೊಳ್ಳಲು ಬಂದ. ನಾನು ಅವನ ಕೈ ತಳ್ಳಿದೆ.

ಆಮೇಲೆ ಅವನು ಫೀಲ್ಡಿಗೆ ಬರಲಿಲ್ಲ. ಒಂದು ವಾರ ಕ್ಲಾಸಿಗೆ ಬಂದ, ಆಮೇಲೆ ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಆಗ ಶೇಂಗಾ ಕೀಳುವ ಕಾಲ. ಆ ಸೀಮೆಯಲ್ಲಿ ಶೇಂಗಾ ಕೀಳುವಾಗ ಹಾಜರಿ ಅರ್ಧವಾಗುವುದು ಮಾಮೂಲು. ಹುಡುಗರು ಹೊಲಕ್ಕೆ ಹೋಗುತ್ತಾರೆ, ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಚಿತ್ತನೂ ಹಾಗೇ ಹೋಗಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಕಬಡ್ಡಿ ಆಡಿಸುವಾಗ ಮಾತ್ರ ಬೀಡಿ ಕೈಯಲ್ಲಿ ಹಿಡಿದು ಸುತ್ತ ನೋಡುತ್ತಿದ್ದೆ. ಬೇರೆ ಹುಡುಗರನ್ನು ಕಳಿಸಲು ಯಾಕೋ ಮನಸ್ಸಾಗುತ್ತಿರಲಿಲ್ಲ. ಕೊನೆಗೆ ನಾನೇ ಗಂಗಮ್ಮನ ಒಲೆಯ ಹತ್ತಿರ ಹೋಗಿ ಹಚ್ಚಿಕೊಳ್ಳತೊಡಗಿದೆ. ಅವಳು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ನವೆಂಬರ್‌ನಲ್ಲಿ ಸುದ್ದಿ ಬಂತು. ಗಡಿಯ ಹಳ್ಳದ ಪಕ್ಕ ಈಚಲುಮರಗಳ ಸಾಲಿತ್ತು. ಅಲ್ಲಿ ಸೇಂದಿ ಇಳಿಸುತ್ತಿದ್ದರು. ಶೇಂಗಾ ಕೀಳುವ ಆಳುಗಳು ಸಂಜೆ ಅಲ್ಲಿ ಸೇರುವುದು ವಾಡಿಕೆ. ಚಿತ್ತ ಅವರ ಜೊತೆ ಕೂತಿದ್ದನ್ನು ಕಂಡವರಿದ್ದರು. ಆಟ ಹೋಯಿತು, ಆಟದ ಜೊತೆಗೆ ಶಾಲೆಯೂ ಹೋಯಿತು, ಹೊಲದಲ್ಲಿ ಸಿಕ್ಕವರೇ ಅವನ ಟೀಮಾದರು. ಇದನ್ನು ಈಗ ಹೀಗೆ ಸಲೀಸಾಗಿ ಬರೆಯುತ್ತೇನೆ. ಆಗ ಕೇಳಿದಾಗ ನಾನು ಹೇಳಿದ್ದು, "ಕೆಟ್ಟು ಹೋದ ನನ್ಮಗ."

ಡಿಸೆಂಬರ್ ಮೊದಲ ವಾರ ಒಂದು ದಿನ ಚಿತ್ತ ಪ್ರಾರ್ಥನೆಗೆ ಬಂದು ಸಾಲಿನಲ್ಲಿ ನಿಂತ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫಾರಂ ತುಂಬುವ ದಿನ ಅದು. ಯಾರೋ ಹೇಳಿ ಕಳಿಸಿದ್ದರು. ಕಣ್ಣು ಕೆಂಡದ ಹಾಗಿತ್ತು. ಹಾಡು ಮುಗಿಯುವ ಮೊದಲೇ ಬಗ್ಗಿ ಮುಂದಿನ ಹುಡುಗನ ಬೆನ್ನ ಮೇಲೆ ವಾಂತಿ ಮಾಡಿಕೊಂಡ. ಹುಳಿ ಸೇಂದಿಯ ವಾಸನೆ ಇಡೀ ಅಂಗಳಕ್ಕೆ ಹರಡಿತು. ಹೆಣ್ಣುಮಕ್ಕಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

ನಮ್ಮ ಹೆಡ್‌ಮಾಸ್ಟರು ಚಿತ್ರದುರ್ಗದವರು. ಬಿಳಿ ಪಂಚೆ, ಬಿಳಿ ಕೋಟು, ದನಿ ಏರಿಸಿ ಮಾತಾಡದ ಮನುಷ್ಯ. ಅವತ್ತೂ ಏರಿಸಲಿಲ್ಲ. ಮಧ್ಯಾಹ್ನ ಎಲ್ಲ ಮೇಷ್ಟ್ರುಗಳನ್ನೂ ತಮ್ಮ ಕೋಣೆಗೆ ಕರೆಸಿದರು. ಚಿತ್ತ ಮೇಜಿನ ಮುಂದೆ ನಿಂತಿದ್ದ, ಯಾರೋ ಅವನ ತಲೆಗೆ ನೀರು ಹಾಕಿದ್ದರು. ಮೇಜಿನ ಮೇಲೆ ಅವನ ಪರೀಕ್ಷೆಯ ಫಾರಂ ಇತ್ತು.

"ಕುಡಿಯೋದು ಒಂದೇ ದಿನಕ್ಕೆ ಬರಲ್ಲ" ಎಂದರು ಹೆಡ್‌ಮಾಸ್ಟರು. "ಸೇಂದಿಗಿಂತ ಮೊದಲು ಬೀಡಿ ಇರುತ್ತೆ. ಬೀಡಿ ಯಾರೋ ಬಾಯಿಗೆ ಇಟ್ಟಿರ್ತಾರೆ. ಈ ಕಾಂಪೌಂಡಿನೊಳಗೆ ಅದನ್ನ ಕಲಿಸಿದೋರು ಯಾರು? ಆ ಹೆಸರು ಗೊತ್ತಾಗೋವರೆಗೂ ಈ ಫಾರಂ ನನ್ನ ಮೇಜಿನಿಂದ ಅಲ್ಲಾಡಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಜೇಬಿನ ಬೀಡಿಕಟ್ಟಿನ ಮೇಲೆ ಹೋಗಿತ್ತು. ಚಿತ್ತ ತಲೆ ಎತ್ತಲಿಲ್ಲ.

"ಹೇಳಪ್ಪ, ಯಾರು?"

ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. "ಡ್ರಿಲ್ ಮೇಷ್ಟ್ರೇ, ಶಿಸ್ತು ನಿಮ್ಮ ಕಡೆಗೆ ಸೇರಿದ್ದು. ಸತ್ಯ ಹೊರಗೆ ಬರಬೇಕು. ಏನು ಮಾಡ್ತೀರೋ ಮಾಡ್ರಿ."

ಅಲ್ಲೇ ಹೇಳಬಹುದಿತ್ತು. ಎರಡೇ ಮಾತು, 'ನಾನೇ ಸಾರ್'. ಗಂಟಲಿಗೆ ಬಂದಿತ್ತು ಕೂಡ. ಆದರೆ ಕೆಲಸ ಹೋದರೆ ಬಾಗೂರಿನಲ್ಲಿ ಏನೆಂದು ಹೇಳಲಿ ಎಂಬ ಯೋಚನೆ ಅದಕ್ಕಿಂತ ಮುಂಚೆ ಬಂತು. ನಾನು ಬರಲು ಎತ್ತಿದೆ. ಚಿತ್ತ ಕೈ ಚಾಚಿದ.

"ಹೇಳೋ, ಯಾರು ಕಲಿಸಿದ್ದು?" ಒಂದು ಏಟು.

ಅವನು ಈಗ ತಲೆ ಎತ್ತಿದ. ನನ್ನನ್ನೇ ನೋಡಿದ. ಆ ನೋಟದಲ್ಲಿ ಬೆದರಿಕೆ ಇರಲಿಲ್ಲ, ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬಾಯಿ ಬಿಡೋ!" ಎರಡು. ಮೂರು. ಅಂಗೈ ಕೆಂಪಾಗಿ ಗೆರೆ ಎದ್ದಿತು. ಅವನು ಬಾಯಿ ಬಿಡಲಿ ಎಂದು ಹೊಡೆದೆನೋ, ಬಿಡದಿರಲಿ ಎಂದು ಹೊಡೆದೆನೋ, ದೇವರಾಣೆಗೂ ಇವತ್ತಿನವರೆಗೆ ನನಗೆ ಗೊತ್ತಿಲ್ಲ. ಪ್ರತಿ ಏಟಿಗೂ ಅವನ ತುಟಿ ಅಲ್ಲಾಡುತ್ತಿತ್ತು. ಪ್ರತಿ ಸಲವೂ ನನ್ನ ಎದೆ ನಿಂತು ಹೋಗುತ್ತಿತ್ತು. ನಾಲ್ಕನೇ ಏಟಿಗೆ ಬರಲು ಮುರಿಯಿತು. ಹೆಡ್‌ಮಾಸ್ಟರು "ಸಾಕು" ಎಂದರು. ಚಿತ್ತ ಕೈ ಕೆಳಗಿಳಿಸಿ ಹೊರಗೆ ಹೋದ. ಫೀಲ್ಡು ದಾಟಿ, ಗೇಟು ದಾಟಿ, ಹಿಂದೆ ನೋಡದೆ ಹೋದ.

ಸಂಜೆ ಗಂಗಮ್ಮನ ಕೋಣೆಯ ಮುಂದೆ ಹಾಯುವಾಗ ಅವಳೇ ಕರೆದಳು.

"ಬರ್ರಿ ಮೇಷ್ಟ್ರೆ. ಕೈ ನೋಯ್ತೈತಾ?"

ನಾನು ಒಲೆಯ ಕಡೆ ನೋಡುತ್ತಾ ನಿಂತೆ.

"ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳಾಣ? ನಾನೇ ಹೋಗಿ ಹೆಡ್ಮಾಸ್ಟ್ರಿಗೆ ಹೇಳ್ತಿದ್ದೆ. ಆದ್ರೆ ಕೆಂಡ ನಂದು. ನಂಗೂ ಮೂರು ಮಕ್ಕಳು ಅವೆ, ಈ ಸೌಟು ಬಿಟ್ರೆ ಗತಿ ಇಲ್ಲ. ಅದಕ್ಕೆ ಸುಮ್ಕಿದೀನಿ. ನಾನೂ ಕಳ್ಳಿನೇ." ಅವಳು ಅಳುತ್ತಿದ್ದಳು. "ನೀವು ಮಾತ್ರ ನಂಗಿಂತ ದೊಡ್ಡ ಕಳ್ರು."

ಆಮೇಲಿನ ಆರು ದಿನ ನಾನು ಹೇಗೆ ಕಳೆದೆನೋ ಕೇಳಬೇಡಿ. ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೆಡ್‌ಮಾಸ್ಟರ ಕೋಣೆಗೆ ಹೋದಾಗಲೆಲ್ಲ ಆ ಫಾರಂ ಅಲ್ಲೇ ಇತ್ತು, ಗಾಜಿನ ಗುಂಡಿನ ಕೆಳಗೆ. ಉಳಿದ ಹುಡುಗರ ಫಾರಂಗಳೆಲ್ಲ ಒಂದು ಕಟ್ಟಾಗಿ ಪಕ್ಕದಲ್ಲಿದ್ದವು. ಹಟ್ಟಿಯ ಕಡೆಯಿಂದ ಬರುವವರನ್ನು ಕೇಳಿದೆ. ಚಿತ್ತ ಹಟ್ಟಿಯಲ್ಲಿ ಇಲ್ಲ. ಅಪ್ಪನ ಜೊತೆ ಕುರಿ ಹೊಡೆದುಕೊಂಡು ಚಿತ್ರದುರ್ಗದ ಕಡೆ ಹೋಗಿದ್ದಾನೆ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಲು ರೈತರು ಕುರಿಯವರನ್ನು ಕರೆಯುತ್ತಾರೆ. ಹೋದವರು ಯುಗಾದಿಗೇ ತಿರುಗುವುದು. ಹೋದ ಹುಡುಗ ಮತ್ತೆ ಶಾಲೆಗೆ ಬಂದ ಕಥೆ ಆ ಹಟ್ಟಿಯಲ್ಲಿ ಯಾರೂ ಕೇಳಿಲ್ಲ.

ಏಳನೇ ದಿನ ಮಧ್ಯಾಹ್ನ ಹೆಡ್‌ಮಾಸ್ಟರು ಗುಮಾಸ್ತನಿಗೆ ಹೇಳುವುದು ಕೇಳಿಸಿತು: "ನಾಳೆ ಸಂಜೆ ಬಸ್ಸಿಗೆ ಪಟ್ಟಿ ಕಳಿಸಿಬಿಡೋಣ. ಕೊನೇ ದಿನ."

ಗುಮಾಸ್ತ ಹೊರಗೆ ಹೋಗುವುದನ್ನೇ ಕಾದು ನಾನು ಒಳಗೆ ಹೋದೆ.  ನಿಂತೇ ಹೇಳಿದೆ. ಗಾಳಿ, ಕೆಂಡ, ಎರಡು ದಮ್ಮು, ಎಲ್ಲ ಹೇಳಿದೆ. ಹಿರಿಯೂರಿನ ಕಪಾಳಮೋಕ್ಷವನ್ನೂ ಬಿಡಲಿಲ್ಲ.

"ಕುಂತ್ಕಳ್ರಿ" ಎಂದರು.  ಆಮೇಲೆ ಕೈ ತೋರಿಸಿ, "ಈ ಕಿಟಕಿಯಿಂದ ಏನು ಕಾಣುತ್ತೆ ನೋಡ್ರಿ" ಎಂದರು.

ನೋಡಿದೆ. ಫೀಲ್ಡು ಕಾಣುತ್ತಿತ್ತು. ಅದರಾಚೆ ಉಪ್ಪಿಟ್ಟಿನ ಕೋಣೆ.

"ದಿನಾ ನೋಡ್ತಿದ್ದೆ ಕಣ್ರಿ. ಹುಡುಗ ಹೊಗೆ ಬಿಡ್ತಾ ಬರೋನು, ನೀವು ಇಸ್ಕೊಳ್ಳೋರು. ಎರಡು ತಿಂಗಳು ನೋಡಿದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ. ಹೊಸಬರು, ಬಿಸಿ ರಕ್ತ, ಮನಸ್ಸಿಗೆ ಹಚ್ಚಿಕೊಂಡಾರು ಅಂತ. ಅವತ್ತು ಯಾರು ಕಲಿಸಿದ್ದು ಅಂತ ಕೇಳಿದ್ನಲ್ಲ, ಹುಡುಗನ್ನ ಕೇಳಿದ್ದಲ್ಲ ನಾನು. ನಿಮ್ಮನ್ನ ಕೇಳಿದ್ದು. ನೀವು ಬರಲು ಎತ್ತಿದ್ರಿ."

ನನಗೆ ನಾಚಿಕೆಗಿಂತ ಮೊದಲು ಸಿಟ್ಟೇ ಬಂತು, ಹುಟ್ಟುಗುಣ. "ಗೊತ್ತಿದ್ದೂ ಆ ಹುಡುಗನಿಗೆ ಏಟು ಬೀಳೋದನ್ನ ನೋಡ್ಕೊಂಡು ಕುಂತಿದ್ರಲ್ಲ ಸಾರ್!"

"ಹೂಂ" ಎಂದರು. "ಅದು ನನ್ನ ಪಾಲು."

ಫಾರಂ ತೆಗೆದು ನನ್ನ ಕೈಗೆ ಕೊಟ್ಟರು. "ಹುಡುಗನ ಸಹಿ ಬೇಕು, ತಂದೆ ಹೆಬ್ಬೆಟ್ಟು ಬೇಕು. ನಾಳೆ ಸಂಜೆ ಆರಕ್ಕೆ ಬಸ್ಸು. ಅಷ್ಟರೊಳಗೆ ತಂದ್ರೆ ಪಟ್ಟಿಯಲ್ಲಿ ಸೇರಿಸ್ತೀನಿ. ನಿಮ್ಮ ವಿಷಯ ಆಮೇಲೆ ನೋಡಾಣ."

ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಹಿರಿಯೂರು, ಅಲ್ಲಿಂದ ಚಿತ್ರದುರ್ಗ, ಅಲ್ಲಿಂದ ಹಿರೇಗುಂಟನೂರು. ಮಂದೆ ಆ ಕಡೆ ಎಲ್ಲೋ ಇದೆ ಎಂಬುದಷ್ಟೇ ಗೊತ್ತಿತ್ತು. ಇಳಿದಾಗ ಹತ್ತೂವರೆ. ಒಂದು ಗಂಟೆಯ ಬಸ್ಸು ತಪ್ಪಿದರೆ ಸಂಜೆಯೊಳಗೆ ಮುಟ್ಟುವ ಹಾಗಿರಲಿಲ್ಲ. ಟೀ ಅಂಗಡಿಯವನು ಪಡುವಣಕ್ಕೆ ಕೈ ತೋರಿಸಿದ. ಹೋದರೆ ಅದು ಬೇರೆಯವರ ಮಂದೆ. ಅವರು ಇನ್ನೊಂದು ಕಡೆ ತೋರಿಸಿದರು. ಕಪ್ಪು ಮಣ್ಣಿನ ಹೊಲ, ಜೋಳದ ಕೂಳೆ ಚಪ್ಪಲಿಯೊಳಗೆ ಚುಚ್ಚುತ್ತಿತ್ತು. ಓಡಿದೆ. ಹುಡುಗರನ್ನು ಓಡಿಸಿ ಅಭ್ಯಾಸವಿದ್ದವನು, ಅರ್ಧ ಮೈಲಿಗೇ ಎದೆ ಹಿಡಿದುಕೊಂಡು ನಿಂತೆ. ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಾ, ಆ ಹುಡುಗ ಗೆರೆಯ ಹತ್ತಿರ ಅವತ್ತು ಪಟ್ಟ ಪಾಡು ಇದೇ ಎಂದು ತಿಳಿಯಿತು.

ಹನ್ನೆರಡರ ಹೊತ್ತಿಗೆ ಸಿಕ್ಕರು. ಒಂದು ಜಾಲಿಮರದ ಕೆಳಗೆ ಚಿತ್ತನ ಅಪ್ಪ ಸಣ್ಣೀರಪ್ಪ ಕಂಬಳಿ ಹಾಸಿಕೊಂಡು ಕೂತಿದ್ದ. ಚಿತ್ತ ಕುಂಟುತ್ತಿದ್ದ ಮರಿಯೊಂದರ ಕಾಲಿನಿಂದ ಮುಳ್ಳು ಕೀಳುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಓಡುತ್ತಾನೇನೋ ಎಂದುಕೊಂಡೆ. ಓಡಲಿಲ್ಲ.

"ಬರ್ರಿ ಸಾಮಿ, ಕುಂತ್ಕಳ್ರಿ" ಎಂದು ಸಣ್ಣೀರಪ್ಪ ಕಂಬಳಿ ಸರಿಸಿದ. "ಇವ್ನು ಹೇಳ್ದ, ಸ್ಕೂಲಿನಾಗೆ ಕುಡ್ದು ಮರ್ಯಾದೆ ಕಳ್ದೆ ಅಂತ. ನಾನೂ ಎರಡು ಕೊಟ್ಟೀನಿ. ಇನ್ನು ಓದು ಸಾಕು ಬಿಡ್ರಿ."

ನಾನು ಕೂರಲಿಲ್ಲ. "ಸಣ್ಣೀರಪ್ಪ, ತಪ್ಪು ಅವನದಲ್ಲ. ಬೀಡಿ ಕಲಿಸಿದೋನು ನಾನು" ಎಂದು ಎಲ್ಲ ಹೇಳಿದೆ. ಅವನು ಬೈಯಲಿ ಎಂದು ಕಾದೆ. ಸಣ್ಣೀರಪ್ಪ ಹಲ್ಲು ಬಿಟ್ಟು ನಕ್ಕುಬಿಟ್ಟ.

"ಅಯ್ಯೋ, ಇಷ್ಟೇನಾ? ಅದಕ್ಕೆ ಇಷ್ಟು ದೂರ ಬಂದ್ರಾ ಸಾಮಿ? ಇವ್ನು ಆರು ವರ್ಸದೋನಿದ್ದಾಗ್ಲೇ ನಂಗೆ ಬೀಡಿಗೆ ಕೆಂಡ ತಂದು ಕೊಡ್ತಿದ್ದ. ಬೀಡಿ ಏನು ದೊಡ್ದು ಬಿಡ್ರಿ."

ಸುಳ್ಳೇಕೆ ಹೇಳಲಿ, ಅಮ್ಮಾ ಎಂದು ಎದೆ ಹಗುರಾಯಿತು. ಹಾಗಾದರೆ ಮೊದಲಿನವನು ನಾನಲ್ಲ. ಹಟ್ಟಿಯಲ್ಲೇ ಕಲಿತದ್ದು. ಗಂಗಮ್ಮನಿಗೆ ಹೇಳಬೇಕು, ಹೆಡ್‌ಮಾಸ್ಟರಿಗೂ ಹೇಳಬೇಕು.

"ಕೆಂಡ ತಂದು ಕೊಡ್ತಿದ್ದೆ ಅಪ್ಪ" ಎಂದ ಚಿತ್ತ. ಮರಿಯ ಕಾಲನ್ನು ಇನ್ನೂ ಕೈಯಲ್ಲಿ ಹಿಡಿದೇ ಇದ್ದ. "ಬಾಯಿಗೆ ಇಡ್ತಿರಲಿಲ್ಲ. ನೀನು ಹಚ್ಕಂಡ್ ಬಾ ಅಂದ್ರೂ ನಾನು ಒಲ್ಲೆ ಅಂತಿದ್ದೆ, ಅಮ್ಮ ಬೈತಾಳೆ ಅಂತ. ಬಾಯಿಗೆ ಇಟ್ಟಿದ್ದು ಸ್ಕೂಲಿನಾಗೆ."

"ಯಾಕಿಟ್ಟೆಯೋ? ಅಪ್ಪ ಹೇಳಿದ್ರೆ ಒಲ್ಲೆ ಅಂದೋನು..." ಎಂದೆ.

"ಮೇಷ್ಟ್ರು ತಪ್ಪು ಹೇಳ್ತಾರಾ ಸಾರ್?" ಎಂದ. ವ್ಯಂಗ್ಯ ಅಲ್ಲ, ನಿಜವಾಗಿಯೇ ಕೇಳಿದ. "ಕೆಮ್ಮು ಬಂದ್ರೂ ಎಳೀತಿದ್ದೆ. ನೀವು ಎಲ್ಲರನ್ನೂ ಬಿಟ್ಟು ನನ್ನ ಕರೀತಿದ್ರಿ. ಗಣಿತದಾಗೆ, ಇಂಗ್ಲಿಷಿನಾಗೆ ನನ್ನ ಯಾರೂ ಕರೀತಿರಲಿಲ್ಲ."

ಸಣ್ಣೀರಪ್ಪನ ನಗು ನಿಂತಿತ್ತು.  ನಾನು ಕೇಳಿದೆ: "ಅವತ್ತು ಹೊಡೆದಾಗ ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಕಳಿಸಿಬಿಡ್ತಿದ್ರು. ಆಮೇಲೆ ಆ ಸ್ಕೂಲಿನಾಗೆ ನಂಗೆ ಯಾರಿದ್ರು?"

ಕಪಾಳಕ್ಕೆ ಹೊಡೆದು, ಟ್ರಂಕು ಮುಟ್ಟಗೊಡದೆ, ಬರಲು ಮುರಿಯುವ ಹಾಗೆ ಬಾರಿಸಿದ ಮೇಲೂ ಅವನು ಹೇಳಿದ ಮಾತು ಇದು. ನಾನು ಆ ಹೊಲದಲ್ಲಿ, ಅವನ ಅಪ್ಪನ ಎದುರಿಗೆ, ನಿಂತಲ್ಲೇ ಅತ್ತೆ. ಇಪ್ಪತ್ತಮೂರು ವರ್ಷದ ಡ್ರಿಲ್ ಮೇಷ್ಟ್ರು. ಸಣ್ಣೀರಪ್ಪ ಗಾಬರಿಯಾಗಿ ಚೆಂಬಿನಲ್ಲಿ ನೀರು ತಂದುಕೊಟ್ಟ.

ಚಿತ್ತ ಮರಿಯನ್ನು ಕೆಳಗೆ ಬಿಟ್ಟು ಹತ್ತಿರ ಬಂದ. ಫಾರಂ ನೋಡಿದ.

"ಈಗೇನ್ ಮಾಡ್ಲಿ ಹೇಳ್ರಿ ಸಾರ್. ನೀವು ಹೇಳಿದ ಹಂಗೆ ಮಾಡ್ತೀನಿ."

ಹುಡುಗರಿಗೆ ಅದು ಮಾಡು ಇದು ಮಾಡು ಎಂದು ಹೇಳುವುದೇ ನನ್ನ ಕಸುಬು. ಅವತ್ತು ಮಾತ್ರ "ಸಹಿ ಹಾಕಪ್ಪ" ಎನ್ನುವ ಎರಡು ಮಾತು ಆಡಲು ನನಗೆ ಭಯವಾಯಿತು. ಆಡಿದೆ. ನನ್ನ ಬೆನ್ನು ಬಗ್ಗಿಸಿ ನಿಂತೆ, ಅವನು ಅದರ ಮೇಲೆ ಫಾರಂ ಇಟ್ಟು ಸಹಿ ಹಾಕಿದ. ಹೆಬ್ಬೆಟ್ಟಿಗೆ ಶಾಯಿ ತರುವುದನ್ನು ಮರೆತಿದ್ದೆ; ಸಣ್ಣೀರಪ್ಪ ಗಡಿಗೆಯ ತಳದ ಮಸಿಯನ್ನು ಬೆರಳಿಗೆ ಸವರಿಕೊಂಡು ಒತ್ತಿದ. ಒಂದು ಗಂಟೆಯ ಬಸ್ಸಿಗೆ ಚಿತ್ತನೇ ನನ್ನನ್ನು ಅಡ್ಡದಾರಿಯಲ್ಲಿ ಓಡಿಸಿಕೊಂಡು ಬಂದು ಹತ್ತಿಸಿದ.

ಪಟ್ಟಿಯಲ್ಲಿ ಅವನ ಹೆಸರು ಕೊನೆಯದಾಗಿ ಹೋಯಿತು. ಜನವರಿಯಲ್ಲಿ ಮತ್ತೆ ಕ್ಲಾಸಿಗೆ ಬಂದ. ಗಣಿತದ ಮೇಷ್ಟ್ರ ಕಾಲು ಹಿಡಿದು ಸಂಜೆ ಪಾಠ ಹೇಳಿಸಿದೆ. ನಾನೂ ಅವನ ಪಕ್ಕ ಕೂತು ಲೆಕ್ಕ ಮಾಡಿದೆ, ಇಬ್ಬರೂ ತಪ್ಪು ಮಾಡಿದೆವು. ಹೆಡ್‌ಮಾಸ್ಟರು ನನ್ನ ಪ್ರೊಬೇಷನ್ನು ಒಂದು ವರ್ಷ ಹೆಚ್ಚಿಸಿ ಬರೆದರು. ಅದು ನ್ಯಾಯ, ನಾನು ಎದುರಾಡಲಿಲ್ಲ. ಚಿತ್ತ ಏಪ್ರಿಲ್‌ನಲ್ಲಿ ಗಣಿತದಲ್ಲಿ ಫೇಲಾದ, ಅಕ್ಟೋಬರ್‌ನಲ್ಲಿ ಮತ್ತೆ ಕೂತು ಪಾಸಾದ. ಸೇಂದಿಯ ಕಡೆ ಆಮೇಲೆ ತಲೆ ಹಾಕಲಿಲ್ಲವೆಂದು ಗಂಗಮ್ಮ ಹೇಳುತ್ತಿದ್ದಳು. ಬೀಡಿ ಬಿಟ್ಟನೋ ಇಲ್ಲವೋ ಗೊತ್ತಿಲ್ಲ. ಬಿಡು ಎಂದು ನಾನು ಹೇಳಿದ್ದರೆ ಬಿಡುತ್ತಿದ್ದ, ಅದು ಗೊತ್ತು. ಆದರೆ ನನ್ನ ಜೇಬಿನಲ್ಲಿ ಆಗಲೂ ಬೀಡಿಕಟ್ಟು ಇತ್ತು. ನಾನು ಬಿಡಲು ಇನ್ನೂ ಹನ್ನೊಂದು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ಅವನು ಎಲ್ಲಿದ್ದನೋ, ನಾನು ಎಲ್ಲಿದ್ದೆನೋ. 'ಬಿಡು' ಎಂಬ ಆ ಒಂದು ಮಾತು ಹೇಳಲು ನನಗೆ ಮುಖವಿಲ್ಲದೇ ಹೋಯಿತು.